ಎರಡು ದಡದ ಮುಚ್ಚಳ

ಇಷ್ಟು ವರ್ಷ ತಪ್ಪಿಸಿಕೊಂಡು ಬಂದಿದ್ದ ತಮ್ಮನ ಮುಖವನ್ನು ಮುಚ್ಚಳದಕ್ಕ ಕೊನೆಗೂ ನೋಡಬೇಕಾಗಿ ಬಂದದ್ದು ಒಪ್ಪಂದದ ದೆಸೆಯಿಂದ. ಅದೂ ಮೊದಲನೆಯ ಒಪ್ಪಂದ ಅಲ್ಲ, ಮೂರನೆಯದು.

ಮೊದಲನೆಯದರಲ್ಲಿ ನದಿಯ ಎರಡು ದಡದ ದೇಶಗಳು ಇನ್ನು ಮುಂದೆ ಒಬ್ಬರ ದೋಣಿಗೆ ಒಬ್ಬರು ಗುಂಡು ಹೊಡೆಯುವುದಿಲ್ಲ ಎಂದು ಒಪ್ಪಿಕೊಂಡವು. ಮುಚ್ಚಿದ್ದ ಸೇತುವೆ ತೆರೆಯಿತು. ಎರಡನೆಯದರಲ್ಲಿ ಸುಂಕ ಹೋಯಿತು. ಗುಡ್ಡದಾಚೆಯ ದೇಶವೂ ತಾನೂ ಇರುತ್ತೇನೆ ಎಂದು ಬಂದು ಸೇರಿಕೊಂಡಿತು. ಮೂರನೆಯದು ಅಳತೆಗಳ ಒಪ್ಪಂದ. ಮೂರೂ ದೇಶದಲ್ಲಿ ಇಟ್ಟಿಗೆ ಒಂದೇ ಉದ್ದ, ಕೊಳಾಯಿ ಒಂದೇ ದಪ್ಪ, ಗಾಜಿನ ಭರಣಿಗೆ ಒಂದೇ ಬಾಯಿ. ಇದು ಮುಗಿದ ಮೇಲೆ ನಾಲ್ಕನೆಯದು ಬರುತ್ತದೆ, ಮೂರೂ ದೇಶದ ಪ್ರತಿನಿಧಿಗಳು ಒಂದೇ ಸಭೆಯಲ್ಲಿ ಕೂತು ಎಲ್ಲರಿಗೂ ಸೇರಿ ಕಾನೂನು ಮಾಡುತ್ತಾರೆ ಎಂದು ರೇಡಿಯೋ ಹೇಳುತ್ತಿತ್ತು. ಆ ಸುದ್ದಿ ಬಂದಾಗಲೆಲ್ಲ ಮುಚ್ಚಳದಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ರೇಡಿಯೋದ ಕಿವಿ ಹಿಂಡಿ ಬರುತ್ತಿದ್ದಳು.

ಅವಳ ಮನೆಯ ಹಿಂದೆ ಉದ್ದನೆಯ ಶೆಡ್ಡಿತ್ತು. ಅಲ್ಲಿ ಹೆಂಗಸರು ಪ್ರೆಸ್ಸಿನ ಮುಂದೆ ಕೂತು ತಗಡಿನಿಂದ ಭರಣಿಯ ಮುಚ್ಚಳ ಒತ್ತುತ್ತಿದ್ದರು. ಆ ಊರಿನಲ್ಲಿ ಯಾರ ಅಡುಗೆಮನೆಯ ಕಪಾಟು ತೆರೆದರೂ ಅವಳ ಮುಚ್ಚಳವೇ. ಹೀಗಾಗಿ ಅವಳ ಹೆಸರು ಎಲ್ಲರಿಗೂ ಮರೆತುಹೋಗಿ ಮುಚ್ಚಳದಕ್ಕ ಎನ್ನುವುದೇ ಉಳಿದಿತ್ತು. ಆಚೆ ದಡದಲ್ಲಿ ಅವಳ ಒಡಹುಟ್ಟಿದ ತಮ್ಮ ಅದೇ ಕೆಲಸ ಮಾಡುತ್ತಿದ್ದ. ಇಲ್ಲಿನ ಭರಣಿಗೆ ಚಿಕ್ಕ ಬಾಯಿ, ಅಲ್ಲಿನ ಭರಣಿಗೆ ದೊಡ್ಡ ಬಾಯಿ. ಅವಳ ಮುಚ್ಚಳ ಅಲ್ಲಿ ಕೂರುತ್ತಿರಲಿಲ್ಲ, ಅವನದು ಇಲ್ಲಿ ನಿಲ್ಲುತ್ತಿರಲಿಲ್ಲ. ಅಕ್ಕತಮ್ಮಂದಿರ ಸಂಬಂಧವೂ ಅಷ್ಟರಲ್ಲೇ ಇತ್ತು.

ಈಗ ಒಂದು ಬಾಯಿ ಉಳಿಯುತ್ತದೆ, ಇನ್ನೊಂದು ಹೋಗುತ್ತದೆ. ಯಾವುದು ಎಂಬುದನ್ನು ಎರಡು ದಡದ ಮುಚ್ಚಳದವರೇ ಕೂತು ಹೇಳಬೇಕು ಎಂದು ಅಳತೆ ಸಮಿತಿಯಿಂದ ಕರೆ ಬಂದಿತ್ತು.

ಆ ದಿನ ಬೆಳಗ್ಗೆ ಮುಚ್ಚಳದಕ್ಕ ಒಲೆಯ ಮೇಲೆ ಹಾಲಿಟ್ಟು ಚೀಲಕ್ಕೆ ಮುಚ್ಚಳ ತುಂಬುತ್ತಿರುವಾಗ ಮಗಳು ಬೀದಿ ಬಾಗಿಲಿನಿಂದ ಒಳಗೆ ಬಂದಳು.

“ಅಮ್ಮಾ, ರಾತ್ರಿ ನಮ್ಮ ಗೋಡೆ ಮೇಲೆ ಟಾರಲ್ಲಿ ಬರ್ದಿದಾರೆ.”

“ಏನಂತೆ?”

“ನಮ್ಮ ಬಾಯಿ ನಮ್ಮದು ಅಂತ. ಕೆಳಗೆ, ಮುಚ್ಚಳದಕ್ಕನಿಗೆ ಜಯವಾಗಲಿ.”

“ಹಾಳಾಗಿ ಹೋಗ್ಲಿ. ಹೋದ ತಿಂಗಳು ತಾನೇ ಸುಣ್ಣ ಹೊಡ್ಸಿದ್ದೆ.”

ಮಗಳು ಬಾಗಿಲು ಹಾಕಿ ದನಿ ತಗ್ಗಿಸಿದಳು. “ಅವರಿಗೆ ಗೊತ್ತಾದ್ರೆ ಬರೀ ಗೋಡೆಗೆ ಬಳಿಯಲ್ಲ ಅಮ್ಮ. ನಮ್ಮ ಮುಖಕ್ಕೇ ಬಳೀತಾರೆ.”

“ಗೊತ್ತಾಗೋದು ನೀನು ಬಾಯಿ ಬಿಟ್ರೆ ಮಾತ್ರ. ಹಾಲು ನೋಡು, ಉಕ್ತಿದೆ.”

ಗೊತ್ತಾಗಬಾರದ ಸಂಗತಿ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಮಲಗಿತ್ತು. ಮುಚ್ಚಳದಕ್ಕ ಚಿಕ್ಕ ಬಾಯಿಯ ಅಚ್ಚುಗಳನ್ನೆಲ್ಲ ಗುಜರಿಗೆ ಹಾಕಿ, ಹಿತ್ತಿಲ ಜಾಗ ಮಾರಿ, ದೂರದ ಊರಿನ ಲೇತ್ ಮೇಸ್ತ್ರಿಯ ಹತ್ತಿರ ದೊಡ್ಡ ಬಾಯಿಯ ಅಚ್ಚು ಕಡೆಸಿಕೊಂಡು ಬಂದಿದ್ದಳು. ಅವಳ ಲೆಕ್ಕ ಸರಳವಾಗಿತ್ತು. ಆಚೆಯ ದೇಶ ದೊಡ್ಡದು, ಜನ ಜಾಸ್ತಿ, ಗದ್ದಲ ಜಾಸ್ತಿ. ದೊಡ್ಡವರು ಚಿಕ್ಕವರ ಮಾತು ಕೇಳುವುದು ಎಲ್ಲಿಯಾದರೂ ಉಂಟೇ? ಉಳಿಯುವುದು ದೊಡ್ಡ ಬಾಯಿಯೇ. ಎಲ್ಲರೂ ಎದೆ ಬಡಿದುಕೊಂಡು ಅಳುತ್ತಿರುವಾಗ ತಾನು ಮೊದಲ ದಿನವೇ ತಮ್ಮನ ಊರಿನ ಅಂಗಡಿಗಳಿಗೆ ಮುಚ್ಚಳ ಇಳಿಸಬೇಕು, ಅವನು ಕಣ್ಣುಜ್ಜಿಕೊಂಡು ಎದ್ದು ಬರುವಷ್ಟರಲ್ಲಿ ಅವನ ಬುಡಕ್ಕೇ ನೀರು ಬಂದಿರಬೇಕು. ಆ ದಿನವನ್ನು ನೆನೆಸಿಕೊಂಡರೆ ಅವಳಿಗೆ ತಟ್ಟೆಯಲ್ಲಿ ಏನಿದ್ದರೂ ರುಚಿಸುತ್ತಿತ್ತು.

ಕೆಲಸದ ಹೆಂಗಸರಿಗೆ ಹಳೆ ಅಚ್ಚು ಸಾಣೆಗೆ ಹೋಗಿದೆ ಎಂದು ಹೇಳಿದ್ದಳು. ಅವರು ಶೆಡ್ಡಿನಲ್ಲಿ ಕೂತು ಉಳಿದ ಮುಚ್ಚಳಗಳಿಗೆ ರಬ್ಬರ್ ವಾಷರ್ ಹಾಕುತ್ತ, ಕೆಲಸ ಮುಗಿಯಬಾರದೆಂದು ಬೇಕೆಂದೇ ನಿಧಾನ ಮಾಡುತ್ತಿದ್ದರು. ಅವರ ಮುಖ ನೋಡಿದಾಗ ಮಾತ್ರ ಲೆಕ್ಕ ತಪ್ಪಿದರೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಅಕಸ್ಮಾತ್ ಇವತ್ತು ಚಿಕ್ಕ ಬಾಯಿ ಗೆದ್ದರೆ ಇಷ್ಟೂ ಪ್ರೆಸ್ಸು, ಇಷ್ಟೂ ಕೈ ಖಾಲಿ ಕೂರಬೇಕು. ಊರೇ ಹರಸಿ ಕಳಿಸುತ್ತಿದ್ದ ಗೆಲುವು ಬಂದರೆ ಅವಳ ಶೆಡ್ಡಿಗೆ ಬೀಗ.

ಬೀದಿಯುದ್ದಕ್ಕೂ ಹರಕೆಯೇ. ಕ್ಷೌರದ ಅಂಗಡಿಯವನು ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಓಡಿಬಂದ.

“ಅಕ್ಕಾ, ಒಂದಿಂಚೂ ಬಿಡ್ಬೇಡಿ! ಆ ಕಡೆಯೋರು ಸೇತುವೆ ಮೇಲೆ ನಮ್ಮ ಮಾವನಿಗೆ ಏನಂದ್ರು ಗೊತ್ತಾ?”

“ಗೊತ್ತಪ್ಪ, ದಿನಾ ಹೇಳ್ತೀಯ.”

“ನಿಮ್ಮ ತಮ್ಮ ಅಂತ ಕರುಳು ಕರಗೀತು ಮತ್ತೆ!”

“ನನ್ನ ಕರುಳಿನ ಚಿಂತೆ ಬಿಡು. ನಿನ್ನ ಗಿರಾಕಿ ಸೋಪು ಒಣಗ್ತಿದೆ ನೋಡು.”

ಸೇತುವೆಯ ಈ ತುದಿಯಲ್ಲಿ ಗುಂಪು ಕೂಗುತ್ತಿತ್ತು. ಆಚೆ ತುದಿಯಲ್ಲೂ ಅಷ್ಟೇ ದೊಡ್ಡ ಗುಂಪು ನಿಂತು, “ಕಿರುಬಾಯಿಗೆ ಧಿಕ್ಕಾರ” ಎಂದು ಕೂಗುತ್ತಿತ್ತು. ಸಭೆ ಇದ್ದದ್ದು ಸೇತುವೆಗೆ ತಾಗಿದ ಹಳೆಯ ಸುಂಕದ ಮನೆಯಲ್ಲಿ. ಜನರ ಚೀಲಗಳನ್ನು ಸುರಿದು ತಡಕುತ್ತಿದ್ದ ಉದ್ದನೆಯ ಮೇಜನ್ನೇ ನಡುವೆ ಎಳೆದು, ಮೇಲೆ ಹಸಿರು ಬಟ್ಟೆ ಹಾಸಿದ್ದರು. ಬಟ್ಟೆ ಗಿಡ್ಡವಾಗಿ ತುದಿಯಲ್ಲಿ ಹಳೆಯ ಗೀರುಗಳು ಕಾಣುತ್ತಿದ್ದವು. ಸಮಿತಿಯ ಕಾರ್ಯದರ್ಶಿ ಗುಡ್ಡದ ದೇಶದವನು. ಬಡಕಲು ಮನುಷ್ಯ, ಮೂಗು ಸದಾ ಸೋರುತ್ತಿತ್ತು, ಕರ್ಚೀಫು ಕೈ ಬಿಟ್ಟು ಇಳಿಯುತ್ತಿರಲಿಲ್ಲ.

ತಮ್ಮ ಆಗಲೇ ಬಂದು ಕೂತಿದ್ದ. ಹೊಟ್ಟೆ ಬಂದಿತ್ತು, ಕೂದಲಿಗೆ ಕಪ್ಪು ಬಳಿದಿದ್ದ. ಕೂತಿದ್ದ ಭಂಗಿ ಮಾತ್ರ ಅಪ್ಪನದೇ, ಒಂದು ಮೊಣಕೈ ಮೇಜಿನ ಮೇಲೆ, ಇನ್ನೊಂದು ಕೈ ತೊಡೆಯ ಮೇಲೆ. ಅಪ್ಪನ ಭಂಗಿಯನ್ನೂ ಇವನೇ ಹೊಡೆದುಕೊಂಡ ಎಂದು ಅವಳಿಗೆ ಉರಿದುಹೋಯಿತು.

ಅವನು ಎದ್ದು ಕಿಟಕಿ ಮುಚ್ಚಲು ಹೋದ. ಅವಳು ಕಾರ್ಯದರ್ಶಿಯ ಕಡೆ ತಿರುಗಿದಳು.

“ಸಾರ್, ಆ ಕಡೆಯೋರಿಗೆ ಹೇಳಿ, ಕಿಟಕಿ ತೆಗೆದೇ ಇರ್ಲಿ ಅಂತ. ನಮಗೆ ಉಸಿರಾಡೋ ಅಭ್ಯಾಸ ಇದೆ.”

ತಮ್ಮನೂ ಕಾರ್ಯದರ್ಶಿಗೇ ಹೇಳಿದ. “ಸಾರ್, ಆ ಕಡೆಯೋರಿಗೆ ಹೇಳಿ, ಗಾಳಿ ಅಷ್ಟು ಬೇಕಾದ್ರೆ ಆಚೆ ಹೋಗಿ ಹೊಟ್ಟೆ ತುಂಬ ಕುಡ್ಕೊಂಡು ಬರ್ಲಿ.”

ಕಾರ್ಯದರ್ಶಿ ಅರ್ಧ ಕಿಟಕಿ ಮುಚ್ಚಿ, ಅರ್ಧ ತೆರೆದಿಟ್ಟು ಬಂದ. ಅವನಿಗೆ ಅದು ಅಭ್ಯಾಸವಾಗಿ ಹೋಗಿತ್ತು ಎಂದು ಕಾಣುತ್ತದೆ.

“ನಿಯಮ ಇಷ್ಟೇ,” ಎಂದ. “ನೀವಿಬ್ಬರೂ ಒಪ್ಪಿದರೆ ಮಾತ್ರ ತೀರ್ಮಾನ. ಒಬ್ಬರು ಬೇಡ ಅಂದರೂ ಇಲ್ಲ. ಸಂಜೆಯೊಳಗೆ ಒಂದು ಮಾತಿಗೆ ಬರದೇ ಹೋದರೆ ನಮ್ಮ ಗುಡ್ಡದ ದೇಶದ ನಡು ಅಳತೆಯ ಬಾಯಿ ಮೂರೂ ಕಡೆ ಜಾರಿಯಾಗುತ್ತದೆ. ಇನ್ನೊಂದು ಮಾತು. ಆರಿಸಿದ ಅಳತೆಯ ಮುಚ್ಚಳ ಎರಡೂ ದಡಕ್ಕೆ ಸಾಲುವಷ್ಟು, ಮೊದಲ ದಿನದಿಂದಲೇ ಸಿಗಬೇಕು. ಸಾಲದಿದ್ದರೂ ನಮ್ಮದೇ ಬರುತ್ತದೆ.”

ಗುಡ್ಡದ ದೇಶದ ಮುಚ್ಚಳ ಬಂದರೆ ಇಬ್ಬರಿಗೂ ಮಣ್ಣೇ ಗತಿ. ಅಕ್ಕತಮ್ಮಂದಿರು ಮೊದಲ ಸಲ ಒಬ್ಬರನ್ನೊಬ್ಬರು ನೇರವಾಗಿ ನೋಡಿದರು, ತಕ್ಷಣ ಬೇರೆ ಕಡೆ ತಿರುಗಿದರು.

“ಹೇಳಿ ಅಮ್ಮ, ನಿಮ್ಮಿಂದ ಶುರುವಾಗಲಿ.”

ಮುಚ್ಚಳದಕ್ಕ ಗಂಟಲು ಸರಿ ಮಾಡಿಕೊಂಡಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತು. “ನಮ್ಮ ಹಟ ಏನಿಲ್ಲ ಸಾರ್. ಆ ಕಡೆಯೋರ ದೊಡ್ಡ ಬಾಯಿಯೇ ಇರ್ಲಿ.”

ಚಹಾ ಕುಡಿಯುತ್ತಿದ್ದ ತಮ್ಮನಿಗೆ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. “ಬೇಡ!” ಎಂದ. “ಅದು ಆಗಲ್ಲ. ಈ... ಆ ಕಡೆಯೋರ ಚಿಕ್ಕ ಬಾಯಿಯೇ ಇರ್ಲಿ.”

ಕಾರ್ಯದರ್ಶಿ ಕರ್ಚೀಫನ್ನು ಮೂಗಿನಿಂದ ಕಣ್ಣಿಗೆ ಒಯ್ದ. “ಇಟ್ಟಿಗೆಯವರು ಇದೇ ಮೇಜಿನ ಮೇಲೆ ಇಟ್ಟಿಗೆಯಲ್ಲೇ ಹೊಡೆದಾಡಿದರು,” ಎಂದ. “ಕೊಳಾಯಿಯವರಿಗೆ ಪೊಲೀಸರನ್ನು ಕರೆಸಿದೆ. ನೀವು ನೋಡಿದರೆ ಒಬ್ಬರದನ್ನು ಒಬ್ಬರು ಎತ್ತಿ ಹಿಡಿಯುತ್ತೀರಿ. ನೆರೆಹೊರೆ ಅಂದರೆ ಇದು.”

“ದೊಡ್ಡ ಬಾಯಿಗೆ ಕೈ ಸಲೀಸಾಗಿ ಹೋಗುತ್ತೆ ಸಾರ್,” ಎಂದಳು ಮುಚ್ಚಳದಕ್ಕ, ಹಲ್ಲು ಕಚ್ಚಿ. “ತೊಳ್ಯೋಕೆ ಸುಲಭ. ಆ ಕಡೆಯೋರ ಬುದ್ಧಿವಂತಿಕೆ ನೋಡಿ ನಾನು ದಂಗಾಗಿದೀನಿ.”

“ಚಿಕ್ಕ ಬಾಯಿಗೆ ಗಾಳಿ ಹೊಗಲ್ಲ ಸಾರ್,” ಎಂದ ತಮ್ಮ, ಅವಳಿಗಿಂತ ಗಟ್ಟಿಯಾಗಿ. “ಒಳಗಿಟ್ಟಿದ್ದು ಕೆಡಲ್ಲ. ಆ ಕಡೆಯೋರ ಕೈಗುಣ.”

“ಕೈಗುಣ ಅಂತೆ! ಸಾರ್, ಇವನು ಹೊಗಳ್ತಿದಾನೆ ಅಂದ್ರೆ ಏನೋ ಮಸಲತ್ತಿದೆ.”

“ಇವಳು ಬಿಟ್ಟುಕೊಡ್ತಿದಾಳೆ ಅಂದ್ರೆ ಅದಕ್ಕಿಂತ ದೊಡ್ಡ ಮಸಲತ್ತು!”

“ಮಾದರಿ ಇದ್ದರೆ ಮೇಜಿನ ಮೇಲೆ ಇಡಿ,” ಎಂದು ಕಾರ್ಯದರ್ಶಿ ಅವಸರದಿಂದ ನಡುವೆ ಬಂದ.

ಮುಚ್ಚಳದಕ್ಕ ಚೀಲಕ್ಕೆ ಕೈ ಹಾಕಿ ಒಂದು ದೊಡ್ಡ ಮುಚ್ಚಳ ತೆಗೆದಿಟ್ಟಳು. ತಮ್ಮ ಜೇಬಿನಿಂದ ಒಂದು ಚಿಕ್ಕ ಮುಚ್ಚಳ ತೆಗೆದಿಟ್ಟ. ಹೊರಗಿನವರಿಗೆ ಅವು ಎರಡು ತಗಡಿನ ತುಂಡು, ಅಷ್ಟೇ. ಆದರೆ ಅಕ್ಕತಮ್ಮಂದಿರು ನಡೆಯುವುದನ್ನು ಕಲಿತದ್ದೇ ಮುಚ್ಚಳದ ರಾಶಿಯ ನಡುವೆ. ಹಳೆಯ ಅಚ್ಚಿನಿಂದ ಬಂದ ಮುಚ್ಚಳಕ್ಕೆ ಅಂಚು ಸವೆದು ದುಂಡಗಿರುತ್ತದೆ. ಇವೆರಡೂ ಹಾಗಿರಲಿಲ್ಲ. ಮೊನ್ನೆ ಮೊನ್ನೆ ಕಡೆಸಿದ ಅಚ್ಚಿನಿಂದ ಬಂದದ್ದು, ಮುಟ್ಟಿದರೆ ಬೆರಳು ಕುಯ್ಯುವಷ್ಟು ಚೂಪು.

ಅವಳು ಅವನ ಮುಚ್ಚಳ ಎತ್ತಿಕೊಂಡಳು. ಅವನು ಅವಳದನ್ನು ಎತ್ತಿಕೊಂಡ. ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ತಾನು ಕಳ್ಳದಾರಿಯಲ್ಲಿ ಅವನ ಮನೆಗೆ ನುಗ್ಗುತ್ತಿರುವಾಗ ಅವನು ಅದೇ ದಾರಿಯಲ್ಲಿ ತನ್ನ ಮನೆಗೆ ನುಗ್ಗಿದ್ದ.

“ನಿಮ್ಮ ದೇಶದೋರು ಇಟ್ಟಿಗೆ ಉಳಿಸ್ಕೊಂಡು ಭರಣಿ ಬಿಟ್ಟುಕೊಡ್ತಾರೆ ಅಂತ ನಿನಗೆ ಸುದ್ದಿ ಬಂದಿತ್ತು, ಅದಕ್ಕೇ ಚಿಕ್ಕ ಬಾಯಿ ಕಡೆಸ್ದೆ, ಅಲ್ವಾ?” ಎಂದಳು.

ತಮ್ಮ ದೊಡ್ಡ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಅವಳಿಗೇ ನೇರವಾಗಿ ಕೇಳಿದ. “ಅಪ್ಪನ ಅಚ್ಚು ಎಲ್ಲಿ?”

ಅವಳು ಚೀಲದ ಬಾಯಿ ಬಿಗಿದಳು.

“ಅಪ್ಪನ ಅಚ್ಚು ಎಲ್ಲಿ ಅಂದೆ.”

“ಗುಜರಿಗೆ ಹಾಕ್ದೆ.”

ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಬಾಗಿಲು ದೂಡಿಕೊಂಡು ಸೇತುವೆಗೆ ಹೋದ. ಅವಳು ಬಿಡುತ್ತಾಳೆಯೇ? ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ನಡೆದಳು.

ಸೇತುವೆಯ ನಡುವೆ ಗಡಿಯ ಬಿಳಿ ಗೆರೆ ಇತ್ತು. ಲಾರಿಗಳು ಓಡಾಡಿ ಅರ್ಧ ಅಳಿಸಿತ್ತು. ಅಲ್ಲಿ ಇಬ್ಬರೂ ಎದುರುಬದುರು ನಿಂತದ್ದು ಕಂಡಿದ್ದೇ ತಡ, ಎರಡು ತುದಿಯ ಗುಂಪುಗಳೂ ಹೋ ಎಂದವು. ತಮ್ಮವರು ತಮ್ಮ ಬಾಯಿಗಾಗಿ ಹೊಡೆದಾಡುತ್ತಿದ್ದಾರೆ ಎಂದು ಎರಡು ಕಡೆಯವರಿಗೂ ಹೆಮ್ಮೆ.

“ರಾತ್ರೋರಾತ್ರಿ ಅಚ್ಚೆಲ್ಲ ನೀನು ದೋಣೀಲಿ ಹೊತ್ಕೊಂಡು ಹೋದೆ,” ಎಂದ ತಮ್ಮ. “ಬೆಳಗ್ಗೆ ಅಪ್ಪ ಖಾಲಿ ಶೆಡ್ಡಲ್ಲಿ ನಿಂತಿದ್ರು. ಪ್ರೆಸ್ಸಿಗೆ ಹಾಕೋಕೆ ಒಂದು ಅಚ್ಚಿಲ್ಲ. ಕೊನೆಗೆ ಯಾರೋ ಬಿಸಾಕಿದ್ದ ದೊಡ್ಡ ಬಾಯಿ ಅಚ್ಚು ತಂದು ನಾನು ಶುರು ಮಾಡ್ದೆ. ನನ್ನ ಬಾಯಿ ದೊಡ್ಡದಾಗಿದ್ದು ನಿನ್ನಿಂದ.”

“ನಿನ್ನ ಬಾಯಿ ಹುಟ್ಟಿದಾಗ್ಲೇ ದೊಡ್ಡದು. ಕೇಳಿಸ್ಕೋ. ಅಪ್ಪನೇ ಕೊಟ್ಟಿದ್ದು. ಸೇತುವೆ ಮುಚ್ತಾರೆ, ಇಲ್ಲಿದ್ರೆ ಸೈನ್ಯದೋರು ಎತ್ಕೊಂಡು ಹೋಗಿ ಕರಗಿಸ್ತಾರೆ, ಗಂಡನ ಮನೇಗೆ ತಗೊಂಡು ಹೋಗು ಮಗಳೇ ಅಂದ್ರು.”

“ನನಗೆ ಹಾಗೆ ಹೇಳ್ಲಿಲ್ಲ.”

“ನಿನಗೆ ಹೇಳಿದ್ರೆ ಬೆಳಗಾಗೋದ್ರೊಳಗೆ ಊರಿಗೆಲ್ಲ ಗೊತ್ತಾಗಿರೋದು.”

“ಸುಳ್ಳು.”

“ಹೋಗಿ ಅಪ್ಪನ್ನೇ ಕೇಳು. ನನಗಂತೂ ಅಪ್ಪ ಹೋದಾಗ ಕೊನೇ ಸಲ ಮುಖ ನೋಡೋಕೂ ಬಿಡ್ಲಿಲ್ಲ ನೀನು. ಮನೆಯೋರು ಬಂದು ಒಂದು ಮಾತು ಹೇಳಿದ್ರೆ ಸೇತುವೆ ಗೇಟಿನೋರು ಒಳಗೆ ಬಿಡ್ತಿದ್ರು. ನಾನು ಆ ಕಂಬದ ಹತ್ರ ನಿಂತಿದ್ದೆ. ನೀನು ಬರ್ಲಿಲ್ಲ.”

“ಬರ್ಬಾರ್ದು ಅಂತಲೇ ಬರ್ಲಿಲ್ಲ,” ಎಂದ ತಮ್ಮ.

ಅವಳು ಒಂದು ಕ್ಷಣ ಬೆಪ್ಪಾದಳು. ಜ್ವರ ಇತ್ತು, ಸುದ್ದಿ ತಲುಪಲಿಲ್ಲ, ಕಾವಲಿನವರು ಬಿಡಲಿಲ್ಲ ಎಂದು ಏನಾದರೂ ಹೇಳುತ್ತಾನೆ, ಅದನ್ನು ಹರಿದು ಹಾಕಬೇಕು ಎಂದು ಇಷ್ಟು ವರ್ಷ ಮಾತು ಮಸೆದು ಇಟ್ಟುಕೊಂಡಿದ್ದಳು. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಅವನು ತಪ್ಪಾಯಿತು ಎಂದೂ ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಇನ್ನೂ ಕಷ್ಟವಾಗುತ್ತಿತ್ತು.

ಕೈಯಲ್ಲಿ ಅವನ ಚಿಕ್ಕ ಮುಚ್ಚಳ ಇನ್ನೂ ಇತ್ತು. ಹೆಬ್ಬೆರಳು ತಾನಾಗಿಯೇ ಅದರ ಮೇಲೆ ಓಡಿತು. ನಡುವೆ ಒಂದರೊಳಗೊಂದು ಎರಡು ಉಂಗುರ, ಒಳಗಿನದು ಒಂದಿಷ್ಟು ಓರೆ. ಅಪ್ಪನ ಅಚ್ಚಿನ ಓರೆ.

“ಇದನ್ನ ಯಾವುದನ್ನ ನೋಡಿ ಕಡೆಸ್ದೆ?”

“ಮನೇಲಿ ಸಕ್ಕರೆ ಭರಣಿ ಮೇಲೆ ಅಪ್ಪ ಒತ್ತಿದ್ದು ಒಂದು ಉಳಿದಿತ್ತು. ಮೇಸ್ತ್ರಿ ಉಂಗುರ ನೆಟ್ಟಗೆ ಮಾಡ್ತೀನಿ ಅಂದ. ಇದ್ದ ಹಾಗೇ ಮಾಡು ಅಂದೆ.” ಇಷ್ಟು ಹೇಳಿ ಅವನಿಗೆ ತನ್ನ ಮೇಲೇ ಸಿಟ್ಟು ಬಂದಂತಾಯಿತು. “ನೀನು ಅದನ್ನ ತೂಕಕ್ಕೆ ಹಾಕ್ದೆ. ಥೂ.”

ಮುಚ್ಚಳದಕ್ಕ ಕಂಬಿಗೆ ಒರಗಿ ಕೆಳಗೆ ಹರಿಯುವ ನೀರನ್ನು ನೋಡಿದಳು. ಸುಂಕದ ಮನೆಯ ಅರ್ಧ ತೆರೆದ ಕಿಟಕಿಯಲ್ಲಿ ಕಾರ್ಯದರ್ಶಿಯ ಕರ್ಚೀಫು ಕಾಣುತ್ತಿತ್ತು. ಅವನ ಹಿಂದೆ, ಗುಡ್ಡದ ರಸ್ತೆಯಲ್ಲಿ, ಗುಡ್ಡದ ದೇಶದ ಲಾರಿಗಳು ಬರುತ್ತಿದ್ದವು. ಶೆಡ್ಡಿನಲ್ಲಿ ಹೆಂಗಸರು ವಾಷರ್ ಹಾಕುತ್ತ ಕೂತಿರುತ್ತಾರೆ. ಬಾಯಿಬಡುಕಿಯೊಬ್ಬಳಿದ್ದಾಳೆ, ಇಷ್ಟು ಹೊತ್ತಿಗೆ ಟಾರ್ಪಾಲು ಎತ್ತಿ ನೋಡಿರುತ್ತಾಳೆ.

“ನಿನ್ನ ಅಚ್ಚು ಎಷ್ಟು ಪ್ರೆಸ್ಸಿಗೆ ಸಾಲುತ್ತೆ?”

“ನನ್ನ ಪ್ರೆಸ್ಸಿಗೆ ಸಾಲುತ್ತೆ.”

“ನಿನ್ನ ಪ್ರೆಸ್ಸು ಎರಡು ದಡಕ್ಕೆ ಸಾಲಲ್ಲ. ಮೊದಲ ದಿನವೇ ನೀನು ಬಾಯಿ ಬಾಯಿ ಬಿಡ್ತೀಯ, ಗುಡ್ಡದೋರು ಲಾರಿ ಇಳಿಸ್ತಾರೆ.”

“ಸಾಲುತ್ತೆ.”

“ಎಣ್ಣೆ ಹಾಕೋಕೂ ಸೋಮಾರಿತನ ನಿನಗೆ. ಅಪ್ಪನ ಕಾಲದ ಎರಡು ಪ್ರೆಸ್ಸು ತುಕ್ಕು ಹಿಡಿದು ನಿಂತಿದೆ ಅಂತ ನಿಮ್ಮ ಕಡೆ ತರಕಾರಿಯವಳೇ ಹೇಳಿದ್ಲು.”

ತಮ್ಮ ಮಾತಾಡಲಿಲ್ಲ. ಮಾತಾಡಲಿಲ್ಲವೆಂದರೆ ನಿಜ ಎಂದು ಅವಳಿಗೆ ಅವನ ತೊಟ್ಟಿಲ ಕಾಲದಿಂದ ಗೊತ್ತು.

“ಚಿಕ್ಕ ಬಾಯಿಗೆ ಒಪ್ತೀನಿ,” ಎಂದಳು. “ಅರ್ಧ ಅಚ್ಚು ನನಗೆ ಬರ್ಬೇಕು.”

“ನಿನ್ನ ಕೈಗೆ? ಮತ್ತೆ ಅಚ್ಚು? ನನಗೇನು ಹುಚ್ಚಾ?”

“ಹಾಗಾದ್ರೆ ಒತ್ತೋ ಅಚ್ಚೆಲ್ಲ ನೀನೇ ಇಟ್ಕೋ. ಅಂಚು ಮಡಿಸೋ ಅಚ್ಚೆಲ್ಲ ನನಗೆ ಕೊಡು. ತಗಡು ಕುಯ್ದು ಒತ್ತಿ ಈ ಕಡೆ ಕಳಿಸು. ಅಂಚು ಮಡಿಸಿ, ವಾಷರ್ ಹಾಕಿ, ನಾನು ಎರಡೂ ದಡಕ್ಕೆ ಹಂಚ್ತೀನಿ.”

ಅವನು ಕಣ್ಣು ಕಿರಿದು ಮಾಡಿದ. “ಅಂದ್ರೆ ನನ್ನ ಜುಟ್ಟು ನಿನ್ನ ಕೈಲಿ.”

“ನನ್ನ ಜುಟ್ಟು ನಿನ್ನ ಕೈಲಿ ಇರಲ್ವಾ? ನೀನು ಒತ್ತದೇ ಇದ್ರೆ ನಾನು ಏನನ್ನ ಮಡಿಸ್ಲಿ, ನನ್ನ ಸೆರಗನ್ನಾ?”

“ನಾಳೆ ನಿನಗೆ ಸಿಟ್ಟು ಬಂದು ಸೇತುವೆ ಮುಚ್ಚಿಸಿದ್ರೆ?”

“ಅರ್ಧ ಮುಚ್ಚಳ ನಿನ್ನ ಹತ್ರ, ಅರ್ಧ ಮುಚ್ಚಳ ನನ್ನ ಹತ್ರ. ಇಬ್ರೂ ಕೂತು ನೊಣ ಹೊಡ್ಯೋದು.”

“ನಿನ್ನ ನಂಬಲ್ಲ ನಾನು.”

“ನಂಬು ಅಂತ ಯಾರು ಹೇಳಿದ್ರು? ನಂಬೋ ಹಾಗಿದ್ದಿದ್ರೆ ಅಚ್ಚು ಯಾಕೆ ಹಂಚ್ಕೋಬೇಕಿತ್ತು?”

ಅವನು ಬಿಳಿ ಗೆರೆಯನ್ನು ಚಪ್ಪಲಿಯ ತುದಿಯಿಂದ ಕೆರೆಯುತ್ತ ನಿಂತ. ಆಮೇಲೆ, “ಮುಚ್ಚಳದ ಮೇಲೆ ನಿಮ್ಮ ದೇಶದ ಹೆಸರು ಇರ್ಬಾರ್ದು,” ಎಂದ.

“ನಿಮ್ಮದೂ ಇರ್ಬಾರ್ದು. ಎರಡು ಉಂಗುರ ಇದೆ, ಸಾಕು.”

“ನಿನ್ನ ದೊಡ್ಡ ಬಾಯಿ ಅಚ್ಚು?”

“ಗುಜರಿಯವನಿಗೆ ನಮ್ಮ ಮನೆ ದಾರಿ ಗೊತ್ತು.” ಹಾಗೆಂದಾಗ ಹಿತ್ತಿಲ ಜಾಗ ಅವಳ ಕಣ್ಣ ಮುಂದೆ ಬಂದು ಹೋಯಿತು. ಮುಖದ ಮೇಲೆ ಮಾತ್ರ ಏನನ್ನೂ ತೋರಿಸಿಕೊಳ್ಳಲಿಲ್ಲ.

ಕಾರ್ಯದರ್ಶಿ ಅವರ ತೀರ್ಮಾನವನ್ನು ಕೇಳಿ ಕರ್ಚೀಫು ಮಡಿಸಿ ಜೇಬಿಗಿಟ್ಟ. “ಒಪ್ಪಂದದ ಮೊದಲ ಪುಟದಲ್ಲಿ ಇರುವುದು ಇದೇ ಅಮ್ಮ,” ಎಂದ. “ಒಬ್ಬರನ್ನು ಬಿಟ್ಟು ಒಬ್ಬರ ಕೆಲಸ ನಡೆಯಬಾರದು. ಬರೆದವರು ನಿಮಗಿಂತ ಚೆಂದದ ಮಾತಿನಲ್ಲಿ ಬರೆದಿದ್ದಾರೆ, ಅಷ್ಟೇ.”

“ಚೆಂದ ನೀವೇ ಇಟ್ಕೊಳ್ಳಿ ಸಾರ್. ಕಿಟಕಿ ಪೂರ್ತಿ ತೆಗೀರಿ ಈಗ.”

ಈ ದಡದಲ್ಲಿ ಅವಳನ್ನು ಮೆರವಣಿಗೆ ಮಾಡುವುದೊಂದು ಬಾಕಿ. ದೇಶದ ಬಾಯಿ ಉಳಿಸಿದ ಹೆಣ್ಣುಮಗಳು ಎಂದು ಪತ್ರಿಕೆಯಲ್ಲಿ ಬಂತು. ಕ್ಷೌರದ ಅಂಗಡಿಯವನು ಅದನ್ನು ಕತ್ತರಿಸಿ ಕನ್ನಡಿಗೆ ಅಂಟಿಸಿದ. ಆಚೆ ದಡದಲ್ಲಿ ತಮ್ಮನ ಬೋರ್ಡಿಗೆ ಟಾರು ಬಿತ್ತು. ದೇಶವನ್ನು ಅಕ್ಕನಿಗೆ ಅಡವಿಟ್ಟವನು ಎಂದು ಬೀದಿಯಲ್ಲಿ ಉಗುಳುತ್ತಾರೆ ಎಂದು ತರಕಾರಿಯವಳು ಬಂದು ಹೇಳಿದಾಗ ಮುಚ್ಚಳದಕ್ಕ, “ಚೆನ್ನಾಗಾಯ್ತು,” ಎಂದಳು. ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಉಂಡಳು.

ಅಂಚಿನ ಅಚ್ಚುಗಳು ಬಂದವು. ಒತ್ತಿದ ಮುಚ್ಚಳದ ಪೆಟ್ಟಿಗೆಗಳೂ ಬರತೊಡಗಿದವು. ಶೆಡ್ಡಿನಲ್ಲಿ ಮತ್ತೆ ಸದ್ದು ತುಂಬಿತು. ಬಾಯಿಬಡುಕಿ ಟಾರ್ಪಾಲಿನ ಕೆಳಗೆ ನೋಡಿಯೇ ಇದ್ದಳು, ಆದರೆ ಕೈತುಂಬ ಕೆಲಸವಿದ್ದದ್ದರಿಂದ ಬಾಯಿ ಮುಚ್ಚಿಕೊಂಡಳು. ಒಂದು ವಾರ ಹೀಗೇ ನಡೆಯಿತು. ಆಮೇಲೊಂದು ದಿನ ಪೆಟ್ಟಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಹೆಂಗಸರು ಪ್ರೆಸ್ಸಿನ ಮುಂದೆ ಕೈ ಕಟ್ಟಿ ಕೂತು ಅವಳ ಮುಖವನ್ನೇ ನೋಡುತ್ತಿದ್ದರು.

“ಕೈ ಕೊಟ್ಟ ನೋಡು,” ಎಂದಳು ಮಗಳಿಗೆ. “ನನಗೆ ಗೊತ್ತಿತ್ತು. ನನ್ನ ಜುಟ್ಟು ಹಿಡಿದು ಆಡಿಸ್ತಿದಾನೆ.”

ಮಗಳು ಸೇತುವೆ ದಾಟಿ ಹೋಗಿ ನೋಡಿಕೊಂಡು ಬಂದಳು. “ಮಾವ ಕೈ ಕೊಟ್ಟಿಲ್ಲಮ್ಮ. ಶೆಡ್ಡಿಗೆ ಕಲ್ಲು ಹೊಡೀತಿದಾರೆ. ಹೆಂಚು ಒಡೆದು ಪ್ರೆಸ್ಸಿನ ಮೇಲೆ ಬಿದ್ದಿದೆ. ಕೆಲಸದೋರು ಹೆದ್ರಿ ಬರ್ತಿಲ್ಲ. ಮಾವ ಒಬ್ರೇ ಬಾಗಿಲು ಹಾಕ್ಕೊಂಡು ಒಳಗೆ ಒತ್ತುತಿದಾರೆ.”

ಮುಚ್ಚಳದಕ್ಕ ಒಲೆ ಆರಿಸಿದಳು. ಚಪ್ಪಲಿ ಮೆಟ್ಟಿ ಸೀದಾ ಸುಂಕದ ಮನೆಗೆ ಹೋದಳು. ಕಾರ್ಯದರ್ಶಿ ಊಟಕ್ಕೆ ಕೂತಿದ್ದ.

“ಸಾರ್, ಏಳಿ. ಆ ಕಡೆ ನನ್ನ ಶೆಡ್ಡಿಗೆ ಕಲ್ಲು ಬೀಳ್ತಿದೆ.”

“ನಿಮ್ಮ ಶೆಡ್ಡು ಈ ಕಡೆ ಇದೆಯಲ್ಲಮ್ಮ?”

“ಅರ್ಧ ಈ ಕಡೆ, ಅರ್ಧ ಆ ಕಡೆ. ನಿಮ್ಮ ಒಪ್ಪಂದವೇ ಹಾಗನ್ನುತ್ತಲ್ಲ! ಆ ಕಡೆ ಪೊಲೀಸಿನೋರಿಗೆ ಹೇಳಿ ಕಾವಲು ಹಾಕ್ಸಿ. ಇಲ್ಲದಿದ್ರೆ ನಾಳೆ ನಮ್ಮ ಹೆಂಗಸರನ್ನೆಲ್ಲ ಕರ್ಕೊಂಡು ಬಂದು ನಿಮ್ಮ ಮೇಜಿನ ಮೇಲೆ ಕೂರಿಸ್ತೀನಿ.”

“ತಮ್ಮನ ಮೇಲೆ ಕಳಕಳಿ,” ಎಂದ ಕಾರ್ಯದರ್ಶಿ ಮೆಲ್ಲಗೆ, ಕರ್ಚೀಫು ಹುಡುಕುತ್ತ.

“ತಮ್ಮನೂ ಇಲ್ಲ, ತಲೆಮಾಸಿದವನೂ ಇಲ್ಲ. ನನ್ನ ಪ್ರೆಸ್ಸು ನಿಂತಿದೆ ಸಾರ್. ಏಳಿ.”

ಸಂಜೆಗೆ ಆಚೆ ದಡದ ಶೆಡ್ಡಿನ ಮುಂದೆ ಆ ದೇಶದ ಪೊಲೀಸರು ಕುರ್ಚಿ ಹಾಕಿಕೊಂಡು ಕೂತರು. ಮುಚ್ಚಳದಕ್ಕ ಸೇತುವೆಯ ಮೇಲೆ ನಿಂತು, ಕಲ್ಲು ಹೊಡೆಯುವವರು ಬೈದುಕೊಳ್ಳುತ್ತ ಚದುರುವ ತನಕ ಕಾದಳು. ಹಿಂದೆ ಅವನ ಶೆಡ್ಡಿನ ಮೇಲೆ ಸಿಡಿಲು ಬೀಳಲಿ ಎಂದು ಎಷ್ಟು ಸಲ ಹಾರೈಸಿದ್ದಳೋ ಲೆಕ್ಕವಿಲ್ಲ. ಈಗ ಒಡೆದ ಹೆಂಚುಗಳನ್ನು ದೂರದಿಂದ ನೋಡುತ್ತ, ಮಳೆ ಬಂದರೆ ತಗಡು ತುಕ್ಕು ಹಿಡಿಯುತ್ತದಲ್ಲ ಎಂದು ಚಡಪಡಿಸುತ್ತಿದ್ದಳು. ಹಾಗೆ ಚಡಪಡಿಸಬೇಕಾಗಿ ಬಂದದ್ದಕ್ಕೆ ಅವನನ್ನು ಇನ್ನಷ್ಟು ಬೈದುಕೊಂಡಳು.

ಮಾರನೆಯ ಬೆಳಗ್ಗೆ ಪೆಟ್ಟಿಗೆ ಬಂತು. ಚೀಟಿಯಿಲ್ಲ, ಮಾತಿಲ್ಲ. ಹೆಂಗಸರು ಸುತ್ತ ಸೇರಿದರು. ಮುಚ್ಚಳದಕ್ಕ ನೆಲದ ಮೇಲೆ ಕೂತು ಒಂದೊಂದನ್ನೇ ಎತ್ತಿ, ಉಗುರಿನಿಂದ ಗೀರಿ, ಬೆಳಕಿಗೆ ಹಿಡಿದು ನೋಡತೊಡಗಿದಳು. ಒಬ್ಬನೇ, ಕಲ್ಲು ಬೀಳುವಾಗ ಒತ್ತಿದ್ದು. ಆದರೂ ಎಲ್ಲ ಸರಿಯಾಗಿತ್ತು. ಅವಳ ಹುಬ್ಬು ಗಂಟಿಕ್ಕುತ್ತ ಹೋಯಿತು. ಪೆಟ್ಟಿಗೆಯ ತಳಕ್ಕೆ ಬಂದಾಗ ಒಂದು ಮುಚ್ಚಳದ ನಡುವೆ ಸಣ್ಣ ತಗ್ಗು ಸಿಕ್ಕಿತು. ಹೆಂಚಿನ ಚೂರು ಬಿದ್ದದ್ದಿರಬೇಕು.

“ಸಿಕ್ತು!” ಎಂದಳು. ಮುಖ ಅರಳಿತು. ಅದನ್ನು ಮಗಳ ಕೈಗೆ ಹಾಕಿದಳು. “ಹೋಗಿ ಅವನಿಗೆ ವಾಪಸ್ ಕೊಟ್ಟು ಬಾ. ಕಣ್ಣು ಬಿಟ್ಕೊಂಡು ಒತ್ತು ಅಂತ ಹೇಳು. ಮತ್ತೆ... ನಮ್ಮ ಹಿಂದೆ ಹೆಂಚು ಉಳಿದಿದೆಯಲ್ಲ, ಗಾಡಿಗೆ ಹಾಕ್ಕೊಂಡು ಹೋಗು. ಶೆಡ್ಡು ಸೋರಿದ್ರೆ ನಷ್ಟ ನನಗೆ.”

ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಹೆಂಗಸರ ಕಡೆ ತಿರುಗಿದಳು. “ಏನು ನೋಡ್ತಾ ನಿಂತಿದೀರಿ? ಶುರು ಮಾಡಿ.”